‘ಇವಳೇ’ ಎಂದು ಕರೆಯುವ ದನಿ

ಮನೆ, ಮಹಡಿಯ ಕೋಣೆ
ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಗುಂಡು,

ಹೇಗಿದ್ದೀಯ? ಹಡಗಿನ ಇಂಜಿನ್ ಕೋಣೆಯ ಶಾಖಕ್ಕೆ ಮೈಮೇಲೆ ಎದ್ದಿದ್ದ ಗುಳ್ಳೆಗಳು ಒಣಗಿದವೇ? ಹೊತ್ತಿಗೆ ಸರಿಯಾಗಿ ಊಟ ಮಾಡು, ಕೋಪ ಬಂದ ದಿನವೂ ಮಾಡು. ಮುಂದಿನ ಬಂದರಿನಲ್ಲಿ ಈ ಕಾಗದ ನಿನ್ನ ಕೈಸೇರುತ್ತದೆ ಎಂದು ನಂಬಿ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಲು ಹೋದರೆ ಅತ್ತುಬಿಡುತ್ತೇನೆ, ನೀನು ಬೈಯುತ್ತೀಯ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ ಎಂದು ಬರೆಯಲು ಕೈ ಬರುತ್ತಿಲ್ಲ.

ನೀನು ಬಿಟ್ಟುಹೋದ ಲ್ಯಾಪ್‌ಟಾಪ್ ಹಾಸಿಗೆ ಹಿಡಿದಿದೆ. ಒಳಗಿನ ಡಿಸ್ಕ್ ಕಟಕಟ ಎಂದು ಹಲ್ಲು ಕಡಿಯುತ್ತದೆ. ಗಂಟಲ ಆಪರೇಷನ್‌ನಲ್ಲಿ ದನಿ ಹೋಗುವ ಮುಂಚೆ ಅಪ್ಪ ವಾರಗಟ್ಟಲೆ ಕೂತು ಓದಿ, ತಮ್ಮ ದನಿಯನ್ನು ಅದರೊಳಗೆ ತುಂಬಿಸಿದ್ದರಲ್ಲ, ಇವತ್ತಿಗೂ ಅವರು ಟೈಪ್ ಮಾಡಿದ್ದನ್ನು ಅದು ಅವರ ದನಿಯಲ್ಲೇ ಹೇಳುತ್ತದೆ. ಆದರೆ ಹೇಳುವಷ್ಟರಲ್ಲಿ ಕಾಲ ಮಿಂಚಿರುತ್ತದೆ. ‘ಸಾಕು’ ಎನ್ನುವಷ್ಟರಲ್ಲಿ ಅಮ್ಮ ತಟ್ಟೆ ತುಂಬಿಸಿರುತ್ತಾಳೆ. ನೌಕರಿಯುದ್ದಕ್ಕೂ ರೈಲು ನಿಲ್ದಾಣದ ಮೈಕಿನಲ್ಲಿ ಕೂಗಿದ ಮನುಷ್ಯ, ಈಗ ತಮ್ಮ ಮಾತಿನ ಕೊನೆಗೆ ತಾವೇ ‘ವಿಳಂಬಕ್ಕಾಗಿ ವಿಷಾದಿಸುತ್ತೇವೆ’ ಎಂದು ಸೇರಿಸುತ್ತಾರೆ. ಮೊದಮೊದಲು ನಾವೆಲ್ಲ ನಗುತ್ತಿದ್ದೆವು.

ಅಮ್ಮನ ಕಣ್ಣು ಇನ್ನಷ್ಟು ಮಂಜಾಗಿದೆ. ಪರದೆಯ ಮೇಲಿನ ಅಕ್ಷರ ಅವಳಿಗೆ ಕಾಣುವುದಿಲ್ಲ, ಅಪ್ಪನ ಕೈಸನ್ನೆಯೂ ಕಾಣುವುದಿಲ್ಲ. ಹೋದ ವಾರ ಒಲೆಯಿಂದ ಆಗಷ್ಟೇ ಇಳಿಸಿದ್ದ ಪಾತ್ರೆಗೆ ಬರಿಗೈ ಚಾಚಿದಳು. ಅಪ್ಪ ಮೇಜು ಬಡಿದರು. ಯಾರೋ ಬಾಗಿಲು ತಟ್ಟಿದರು ಎಂದುಕೊಂಡು ಅವಳು ‘ಬಂದೆ, ಬಂದೆ’ ಎನ್ನುತ್ತಲೇ ಪಾತ್ರೆ ಹಿಡಿದಳು. ನಾನು ಓಡಿಬಂದು ಅವಳ ಅಂಗೈಯನ್ನು ನಲ್ಲಿಯ ಕೆಳಗೆ ಹಿಡಿದುಕೊಂಡು ನಿಂತಿದ್ದಾಗ ಲ್ಯಾಪ್‌ಟಾಪ್ ಬಾಯಿ ಬಿಟ್ಟಿತು: ‘ಇವಳೇ, ಬಿಸಿ ಇದೆ, ಮುಟ್ಟಬೇಡ.’ ಎಷ್ಟು ಮೆತ್ತಗೆ ಹೇಳಿತು ಅಂತೀಯ. ಅಪ್ಪ ಅದರ ಮುಚ್ಚಳ ಮುಚ್ಚಿದವರು ಮಾರನೆಯ ದಿನವೂ ತೆರೆಯಲಿಲ್ಲ.

ರಿಪೇರಿ ಅಂಗಡಿಯವರು ಮನೆಗೇ ಬಂದು ನೋಡಿದರು. ಡಿಸ್ಕ್ ಬದಲಾಯಿಸಲೇಬೇಕಂತೆ. ಈ ಮುದಿ ಯಂತ್ರಕ್ಕೆ ಹೊಂದುವಂಥವು ಅವರ ಬಳಿ ಎರಡೇ ಬಗೆ. ಒಂದು ದೊಡ್ಡದು, ಅಪ್ಪನ ದನಿ ಪೂರ್ತಿ ಹಿಡಿಸುತ್ತದೆ, ಆದರೆ ಈಗಿನಷ್ಟೇ ನಿಧಾನ. ಇನ್ನೊಂದು ಚಿಕ್ಕದು, ಚುರುಕೋ ಚುರುಕು. ಆದರೆ ಅದರಲ್ಲಿ ಅಪ್ಪನ ದನಿಗೆ ಜಾಗವಿಲ್ಲ, ಕಂಪನಿಯವರು ಕೊಡುವ ಹೆಣ್ಣುದನಿ ಮಾತ್ರ ಹಿಡಿಸುತ್ತದೆ. ಅಪ್ಪನ ದನಿಯನ್ನು ಹೊರಗಿನ ಡಿಸ್ಕಿಗೆ ತುಂಬಿ ವೈರಿನಿಂದ ಜೋಡಿಸಿದರೆ ಆಗದೇ ಎಂದು ಕೇಳಿದೆ. ‘ಇನ್ನೂ ತಡ ಆಗುತ್ತಮ್ಮ. ಬೇಕಾದ್ರೆ ಅದರಲ್ಲಿ ಜೋಪಾನವಾಗಿ ಇಟ್ಕೋಬಹುದು, ಅಷ್ಟೇ’ ಎಂದರು. ಇಟ್ಟುಕೊಂಡು ಏನು ಮಾಡಲಿ ಹೇಳು.

ಚಿಕ್ಕದನ್ನು ಹಾಕಿ ಒಂದೆರಡು ದಿನ ನೋಡಿ ಎಂದು ಹೇಳಿಹೋದರು. ಅಪ್ಪನ ಬೆರಳು ನಿಲ್ಲುವುದೇ ತಡ, ಮಾತು ಹೊರಬಿತ್ತು. ಮೊದಲು ಟೈಪ್ ಮಾಡಿದ್ದು ‘ಇವಳೇ’ ಎಂದೇ. ಅಪ್ಪ ಆ ಪದವನ್ನು ಹೇಗೆ ಎಳೆಯುತ್ತಿದ್ದರು ನೆನಪಿದೆಯಲ್ಲ? ಬಚ್ಚಲಲ್ಲಿದ್ದರೂ ಅಮ್ಮ ‘ಹೂಂ’ ಎನ್ನುತ್ತಿದ್ದಳು. ಈ ಹೆಂಗಸು ಪೊಲೀಸರಿಗೆ ಕಳ್ಳಿಯನ್ನು ತೋರಿಸಿಕೊಟ್ಟ ಹಾಗೆ, ‘ಇವಳೇ’ ಎಂದಳು. ‘ನಾನೇನು ಕದ್ದೆ?’ ಎಂದು ಅಮ್ಮ ಕೇಳಿದಳು. ನಕ್ಕೆವು. ಅಪ್ಪನ ಭುಜವೂ ಕುಣಿಯಿತು. ಆಮೇಲೆ ಅಮ್ಮ ಒಳಗೆ ಹೋಗಿ ಕೂತಳು.

ಅವಳದು ಒಂದೇ ಹಟ: ‘ನಾನು ಕಾಯ್ತೀನಿ ಕಣೇ. ಕೈ ಸುಟ್ರೆ ಸುಡಲಿ. ಅವರ ದನಿ ಬರಲಿ.’ ಅಪ್ಪನದು ಇನ್ನೊಂದು: ತಡವಾಗಿ ಬರುವ ದನಿ ಇದ್ದರೆಷ್ಟು, ಬಿಟ್ಟರೆಷ್ಟು. ಒಬ್ಬರ ಮೇಲೊಬ್ಬರಿಗಿರುವ ಪ್ರೀತಿಗೇ ಇಬ್ಬರೂ ಮುಖ ತಿರುಗಿಸಿಕೊಂಡು ಕೂತಿದ್ದಾರೆ, ನಡುವೆ ನಾನು. ನನಗೆ ಯಾವುದಕ್ಕೂ ‘ಹೂಂ’ ಎನ್ನಲು ಧೈರ್ಯವಿಲ್ಲ. ಇಬ್ಬರೂ ‘ಗುಂಡುವನ್ನೇ ಕೇಳು’ ಎನ್ನುತ್ತಾರೆ. ಯಂತ್ರದ ವಿಷಯ ನಿನಗೆ ಗೊತ್ತು, ಇವರ ವಿಷಯವೂ ಗೊತ್ತು. ದೊಡ್ಡದೋ ಚಿಕ್ಕದೋ, ಒಂದು ಸಾಲು ಬರೆದು ಹಾಕು. ನನಗಂತೂ ಬುದ್ಧಿ ಓಡುತ್ತಿಲ್ಲ.

ಅಮ್ಮ ನಿನ್ನ ತಲೆ ನೇವರಿಸಿದೆ ಎಂದು ಬರೆಯಲು ಹೇಳಿದ್ದಾಳೆ. ಅಪ್ಪನ ಆಶೀರ್ವಾದ, ಈ ಸಲ ವಿಳಂಬವಿಲ್ಲದೆ.

ನಿನ್ನ
ಅಕ್ಕ

ಮತ್ತೊಂದು ಮಾತು: ಲಕೋಟೆಗೆ ಅಂಟು ಹುಡುಕಿಕೊಂಡು ಅಡುಗೆಮನೆಗೆ ಇಳಿದಿದ್ದೆ. ಗುಂಡು, ನೀನು ಉತ್ತರ ಬರೆಯಬೇಕಿಲ್ಲ, ಚಿಕ್ಕದೇ ಇರಲಿ ಎಂದಾಯಿತು. ಈಗಷ್ಟೇ ಅಮ್ಮ ಉರಿಯುವ ಒಲೆಯ ಕಡೆಗೆ ಕೈ ಚಾಚಿದಳು. ಯಂತ್ರ ‘ಇವಳೇ’ ಎಂದಿತು. ತನ್ನನ್ನಲ್ಲ ಎಂಬಂತೆ ಅವಳು ತಿರುಗಲಿಲ್ಲ. ಅಪ್ಪ ಮರುಗಳಿಗೆಗೇ ಅವಳ ಹೆಸರು ಟೈಪ್ ಮಾಡಿದರು. ನಾವು ಹುಟ್ಟಿದಾಗಿನಿಂದ ಅಪ್ಪ ಅಮ್ಮನನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿದ್ದಿಲ್ಲ. ಅವಳು ಬೆಚ್ಚಿ ಕೈ ಹಿಂದಕ್ಕೆ ತೆಗೆದಳು, ಏನೂ ಆಗಲಿಲ್ಲ. ಕೈ ಒರೆಸಿಕೊಂಡು ಬಾಗಿಲ ಕಡೆ ಮುಖ ಮಾಡಿ, ಹೊಸಬರೊಡನೆ ಮಾತಾಡುವ ಹಾಗೆ ಕೇಳಿದಳು: ‘ಯಾರು ಬಂದಿರೋದು?’ ಅಪ್ಪ ಅವಳ ಬೆನ್ನ ಹಿಂದಿನ ಕುರ್ಚಿಯಲ್ಲೇ ಕೂತಿದ್ದರು. ಒಂದಿಷ್ಟೂ ತಡವಿಲ್ಲದೆ ಆ ಹೆಂಗಸಿನ ದನಿ ಹೇಳಿತು, ‘ನಾನೇ.’