ಕತ್ತರಿಯಿಂದ ಎರಡು ಸಲ

ಅಪ್ಪಾ,

ಮದುವೆಯಾಗಿ ಇವತ್ತಿಗೆ ಇಪ್ಪತ್ತಮೂರು ದಿನ, ನನ್ನ ಕಾಲು ಇನ್ನೂ ನೆಲದ ಮೇಲೆ ನಿಲ್ಲುತ್ತಿಲ್ಲ! ನಿನ್ನ ಅಳಿಯ ಎಷ್ಟು ಒಳ್ಳೆಯವನು ಗೊತ್ತಾ? ನೀನು ಹೋಗಿ ಮೂರು ವರ್ಷವಾಯಿತು. ಇದ್ದಿದ್ದರೆ ನಿಮ್ಮಿಬ್ಬರಿಗೂ ಚೆನ್ನಾಗಿ ಹೊಂದುತ್ತಿತ್ತು.

ಅವನು ನರ್ಸ್. ದೊಡ್ಡ ಆಸ್ಪತ್ರೆಯ ಕೆಲಸಕ್ಕೆ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು; ಕೇಳಿ ಉತ್ತರ ಬರೆಯುವ ಭಾಗದಲ್ಲಿ ಎರಡು ಸಲ ಫೇಲಾಗಿದ್ದಾನೆ. ಹಾಗಾಗಿ ಬೆಳಗಿನ ಕಾಫಿಯ ಹೊತ್ತಿಗೆ ನಾನು ಇಂಗ್ಲಿಷ್ ಪತ್ರಿಕೆ ಓದುತ್ತೇನೆ. ಅವನು ಕಣ್ಣು ಮುಚ್ಚಿ ಕೇಳಿ, ಹೊಸ ಪದಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾನೆ. ಇವತ್ತು ಒಂದು ಪದ ಸಿಗದೆ, ಪೆನ್ನಿನಿಂದ ಮೇಜನ್ನು ಎರಡು ಸಲ ತಟ್ಟಿದ. ನಾನು ಆ ಸಾಲನ್ನು ಮೂರು ಸಲ ಓದಿದೆ.

“ಎಷ್ಟು ತಾಳ್ಮೆ ಕಣೇ ನಿಂಗೆ, ಟೀಚರಮ್ಮ! ಯಾರಿಂದ ಬಂತು?”

“ನಮ್ಮಪ್ಪನಿಂದ,” ಎಂದುಬಿಟ್ಟೆ.

ಚಿಕ್ಕವಳಿದ್ದಾಗ ನಾನು ಇಂಗ್ಲಿಷ್ ಪಾಠ ಓದುತ್ತಿದ್ದರೆ, ಹೊಲಿಗೆ ಮೆಷಿನ್ನಿನ ಮುಂದೆ ಕೂತು ನೀನೂ ಕತ್ತರಿಯಿಂದ ಹೀಗೇ ಎರಡು ಸಲ ತಟ್ಟುತ್ತಿದ್ದೆ. “ಇನ್ನೊಂದ್ಸಲ ಓದು ಪುಟ್ಟಿ. ನಿಮ್ಮ ಟೀಚರ್ ಹೇಳೋದು ನಂಗೂ ಅರ್ಥ ಆಗ್ಬೇಕಲ್ಲ.” ನಾನು ಬೇಕೆಂದೇ ಇನ್ನೂ ವೇಗವಾಗಿ ಓದಿ ಪುಟ ಮಗುಚುತ್ತಿದ್ದೆ. ನೀನು ನಕ್ಕು ಮತ್ತೆ ಮೆಷಿನ್ ತುಳಿಯುತ್ತಿದ್ದೆ. ಶಾಲೆಯ ಮೀಟಿಂಗಿನಲ್ಲಿ ಟೀಚರ್ ಇಂಗ್ಲಿಷಿನಲ್ಲಿ ಹೇಳಿದ್ದಕ್ಕೆಲ್ಲ ತಲೆಯಾಡಿಸಿ, ಗೇಟು ದಾಟಿದ ಮೇಲೆ “ಏನಂದ್ರು?” ಎಂದು ನನ್ನನ್ನೇ ಕೇಳುತ್ತಿದ್ದೆ.

ನಿನ್ನ ಅಳಿಯ ಡ್ಯೂಟಿಗೆ ಹೋದ ಮೇಲೆ ಪತ್ರಿಕೆಯನ್ನು ಮತ್ತೆ ಬಿಡಿಸಿದೆ. ಮನೆಯಲ್ಲಿ ತಟ್ಟುವವರು ಯಾರೂ ಇರಲಿಲ್ಲ. ಆದರೂ ಆ ಪುಟವನ್ನು ಮೊದಲಿನಿಂದ ಗಟ್ಟಿಯಾಗಿ ಓದಿದೆ, ನಿಧಾನವಾಗಿ, ಪ್ರತಿ ಸಾಲನ್ನೂ ಎರಡೆರಡು ಸಲ.

ನಿನ್ನ ಪುಟ್ಟಿ