ಉಪ್ಪು ನೋಡಿದ ಎಡೆ

ಹೊನವಾಡ,
೧೦ ಡಿಸೆಂಬರ್ ೨೦೨೫

ಪ್ರೀತಿಯ ಮಗಳು ಕಸ್ತೂರಿಗೆ ನಿನ್ನ ಅಪ್ಪನ ಆಶೀರ್ವಾದಗಳು.

ಹೇಗಿದ್ದೀಯವ್ವಾ? ಅಳಿಯಂದಿರು ಹೇಗಿದ್ದಾರೆ? ವಿಜಯಪುರದಲ್ಲಿ ಬೆಳಗಿನ ಚಳಿ ಹಲ್ಲು ಕಡಿಸುತ್ತಿದೆಯೆಂದು ಕೇಳಿದೆ. ಮೊದಲ ಬಸ್ಸಿಗೆ ಹೋಗುವ ದಿನ ಕಿವಿಗೆ ಏನಾದರೂ ಸುತ್ತಿಕೋ. ದಿನವಿಡೀ ಬಸ್ಸಿನಲ್ಲಿ ನಿಂತು ಟಿಕೆಟು ಹರಿದು ನಿನ್ನ ಕಾಲು ಬಾಯುತ್ತಿದ್ದವು, ಈಗ ಹೇಗಿವೆ? ನನ್ನ ಕಣ್ಣಿನ ಮಂಜು ಹಾಗೇ ಇದೆ. ಬಾಯಿ ಮಾತ್ರ ಗಟ್ಟಿಯಿದೆ. ನೀನು ಈ ದಾರಿಯ ಬಸ್ಸು ಬೇಡವೆಂದು ಬರೆದುಕೊಟ್ಟು ಬಬಲೇಶ್ವರದ ಕಡೆಗೆ ಹೋದ ಮೇಲೆ ನಮ್ಮ ಊರಿನ ನಿಲ್ದಾಣ ಬಡವಾಗಿದೆ. ಮೊನ್ನೆ ಒಬ್ಬ ಮುದುಕಿ ನನ್ನನ್ನು ಹಿಡಿದು ನಿಲ್ಲಿಸಿ, "ಧೂಳಪ್ಪಾ, ನಿನ್ನ ಮಗಳನ್ನ ತಿರಗಿ ಕರಸೋ. ಆಕಿ ಇದ್ದಾಗ ನಾ ಚಪ್ಪಲಿ ಮೆಟಗೊಂಡ ಬರೂತನಕಾ ಬಸ್ಸ ನಿಂದರ್ತಿತ್ತು. ಈಗಿನಾಂವ ನನ್ನ ನೋಡಿದ್ರ ಸೀಟಿ ಊದತಾನ" ಎಂದು ಗೋಳಾಡಿದಳು. ನಗು ಬಂತು. ಎಷ್ಟೋ ದಿನದ ಮೇಲೆ ಬಂದ ನಗು, ಅರ್ಧಕ್ಕೇ ನಿಂತಿತು.

ನೀನು ಫೋನು ಎತ್ತುವುದಿಲ್ಲ. ಬೈಯುತ್ತಿಲ್ಲವ್ವಾ, ಎತ್ತಿದರೂ ನಾನು ಏನು ಹೇಳುತ್ತಿದ್ದೆನೋ. ಈ ಪತ್ರವನ್ನು ತಿಕೋಟಾ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತೇನೆ, ಡಿಪೋದಲ್ಲಿ ನಿನಗೆ ಮುಟ್ಟಿಸುತ್ತಾನಂತೆ.

ನಿನ್ನ ತಾಯಿಯ ಸುದ್ದಿ ಹೇಳದೆ ಬೇರೇನೂ ಹೇಳಲಾರೆ. ನಿನ್ನ ಕೂಸು ಬೀರು ಹೋದಾಗಿನಿಂದ ಮಾಳವ್ವ ಉಪ್ಪು ಬಿಟ್ಟಿದ್ದಾಳೆ. ನೀನು ಬಾಗಿಲು ದಾಟಿ ಹೋದ ದಿನವೇ ಶುರುವಾಯಿತು, ಆದ್ದರಿಂದ ನಿನಗೆ ಗೊತ್ತಿಲ್ಲ. ರೊಟ್ಟಿಗೆ ಉಪ್ಪಿಲ್ಲ, ಪಲ್ಯಕ್ಕೆ ಉಪ್ಪಿಲ್ಲ, ಮಜ್ಜಿಗೆಗೂ ಇಲ್ಲ. ನನಗೆ ಬೇರೆ ಗಡಿಗೆಯಲ್ಲಿ ಮಾಡಿ ಹಾಕುತ್ತಾಳೆ, ತಾನು ಸಪ್ಪನೆಯದನ್ನು ನುಂಗುತ್ತಾಳೆ. ಈಗ ಎದ್ದು ನಿಂತರೆ ಗೋಡೆ ಹಿಡಿಯುತ್ತಾಳೆ. ತಿಕೋಟಾದ ಡಾಕ್ಟರು ರಕ್ತ ತಪಾಸಣೆ ಮಾಡಿಸಿ, ಉಪ್ಪು ತಿನ್ನದಿದ್ದರೆ ಈಕೆ ಉಳಿಯುವುದು ಕಷ್ಟ ಎಂದರು. ಅವರಿಗೂ ಅದೇ ಮಾತು ಹೇಳಿದಳು: "ಈ ನಾಲಿಗಿಯಿಂದನ ಮೊಮ್ಮಗ ಹ್ವಾದ್ರಿ. ಈ ನಾಲಿಗಿಗಿ ಮತ್ತ ಉಪ್ಪಿನ ರುಚಿ ತೋರ್ಸಲೇನ್ರಿ?"

ಆ ಮಾತೇ ಅಲ್ಲವೇ ನಿನ್ನನ್ನು ಮನೆಯಿಂದ ಎಬ್ಬಿಸಿದ್ದು. ನಿನ್ನ ತಾಯಿ, ಹೋದ ಎಳ್ಳ ಅಮಾವಾಸ್ಯೆಯ ದಿನ ಹೊಲಕ್ಕೆ ಒಯ್ಯುವ ಅಡಿಗೆ ಮಾಡುವಾಗ ಮರೆತು ಪುಂಡಿ ಪಲ್ಯದ ಉಪ್ಪು ನೋಡಿದೆ, ಎಡೆ ಎಂಜಲಾಯಿತು, ಎಂಜಲು ಎಡೆಯನ್ನೇ ಬನ್ನಿಗಿಡದ ಬುಡದಲ್ಲಿ ಪಾಂಡವರೆಂದು ಇಟ್ಟ ಐದು ಕಲ್ಲಿಗೆ ತೋರಿಸಿದೆ, ಅದನ್ನೇ ಹೊಲದ ತುಂಬ ಎರಚಿ ಭೂಮಿತಾಯಿಗೆ ಚರಗ ಚೆಲ್ಲಿದೆ, ಅದಕ್ಕೇ ದೇವರು ಹುಡುಗನಿಗೆ ಜ್ವರ ಕೊಟ್ಟು ಒಯ್ದ ಎಂದು ಬಂದವರ ಮುಂದೆಲ್ಲ ಎದೆ ಬಡಿದುಕೊಂಡಳು. ನೀನು ಆಗ ಅಳುತ್ತಲೂ ಇರಲಿಲ್ಲ. ತಣ್ಣಗೆ ಎದ್ದು ಕೇಳಿದೆ: "ಏಳ ಸಮುದ್ರಕ್ಕ ಉಪ್ಪ ಹಾಕಿದಾಂವ್ಗ ನಿನ್ನ ನಾಲಿಗಿ ಮ್ಯಾಲಿನ ಒಂದ ಹರಳ ಉಪ್ಪ ಹತ್ತೀತೇನಬೇ? ಎಲ್ಲಾ ತನ್ನ ಕೈಯಾಗ ಇದ್ದಾಂವ್ಗ ನಮ್ಮ ಎಡಿ ಯಾಕ ಬೇಕ? ಎಡಿ ಬೇಕಾದಾಂವ ದೇವರ ಹ್ಯಾಂಗಾದಾನ?" ಎಲ್ಲರೂ ನನ್ನ ಕಡೆ ನೋಡಿದರು. ಹಾಡಿನ ಮೇಳದಲ್ಲಿ ಇಡೀ ಜನ್ಮ ಸವಾಲಿಗೆ ಜವಾಬು ಹೇಳಿದವನು ನಾನೇ ತಾನೆ. ನನ್ನ ಬಾಯಿಗೆ ಒಂದು ಸೊಲ್ಲೂ ಬರಲಿಲ್ಲ. ಬಂದದ್ದು ಈಗ, ಅದೂ ಕಥೆಯಾಗಿ. ಜವಾಬೋ ಅಲ್ಲವೋ ನೀನೇ ನೋಡು.

ಈ ಕಥೆಯನ್ನು ನನಗೆ ಮೊದಲು ಹೇಳಿದವರು ಸಾರವಾಡದ ಗುರುಪಾದಯ್ಯ ಸ್ವಾಮಿಗಳು. ನಿನ್ನ ತಾಯಿ ಈ ಮನೆಗೆ ಸೊಸೆಯಾಗಿ ಬಂದ ವರ್ಷದ ಸುಗ್ಗಿಯಲ್ಲಿ, ನಮ್ಮ ಕಣದ ಅಂಚಿನಲ್ಲಿ ಜೋಳಿಗೆ ಇಳಿಸಿ ಕೂತು ಹೇಳಿದ್ದರು. ಗುಡ್ಡದ ಮೇಲೆ ಒಬ್ಬ ದೇವರಿದ್ದ. ಗುಡ್ಡ ಮಾಡಿದವನೂ ಅವನೇ, ಮೋಡ ಮಾಡಿದವನೂ ಅವನೇ. ಅವನಿಗೆ ಹಸಿವಿಲ್ಲ, ನೀರಡಿಕೆಯಿಲ್ಲ. ಒಬ್ಬ ಕುರುಬರ ಹೆಣ್ಣುಮಗಳು ಪ್ರತಿ ಸೋಮವಾರ ಕುರಿಯ ಮೀಸಲು ಹಾಲು ಹೊತ್ತು ಗುಡ್ಡ ಹತ್ತಿ ಅವನ ಮುಂದೆ ಇಡುತ್ತಿದ್ದಳು. ಅವಳು ಇಳಿದು ಹೋದ ಮೇಲೆ ಅದನ್ನು ಇರುವೆ ಕುಡಿಯುತ್ತಿದ್ದವು, ಓತಿಕ್ಯಾತ ಕುಡಿಯುತ್ತಿತ್ತು. ದೇವರು ಆ ಕಡೆ ತಿರುಗಿಯೂ ನೋಡಿದವನಲ್ಲ. ಒಂದು ಮಳೆಗಾಲ ಬೇನೆ ಬಂದು ಅವಳ ಹಿಂಡೆಲ್ಲ ಸತ್ತಿತು. ಬರಿಗೈಲಿ ಗುಡ್ಡ ಹತ್ತಿ ಬಂದಳು. "ನಾ ಏನ ಕಡಿಮಿ ಮಾಡಿದ್ನೆಪಾ, ಅಷ್ಟ ಹೇಳ, ಹೋಗ್ತೇನಿ" ಎಂದಳು. ದೇವರು ನಿಜ ಹೇಳಬಹುದಿತ್ತು: ನಿನ್ನ ಹಾಲು ನನಗೆ ಬೇಕಾಗಿರಲಿಲ್ಲ ತಾಯಿ, ನಿನ್ನ ಕುರಿಯನ್ನು ನಾನು ಕೊಲ್ಲಲೂ ಇಲ್ಲ, ಕಾಯಲೂ ಇಲ್ಲ. ಆದರೆ ಅವಳ ಮುಖ ನೋಡಿದ. ಇದನ್ನು ಹೇಳಿದರೆ ಈಕೆ ಏನನ್ನು ಹಿಡಿದುಕೊಂಡು ಗುಡ್ಡ ಇಳಿಯುತ್ತಾಳೆ ಎನ್ನಿಸಿತು. "ಹ್ವಾದ ಸೋಮಾರ ನಿನ್ನ ಹಾಲಿನಾಗ ಒಂದ ಕುರಿ ಕೂದಲ ಎಳಿ ಇತ್ತು" ಎಂದ. ಅವಳು ಗಲ್ಲ ಗಲ್ಲ ಬಡಿದುಕೊಂಡಳು, ತಪ್ಪಾಯಿತೆಂದಳು, ಹಗುರಾಗಿ ಇಳಿದು ಹೋದಳು. ಆಮೇಲೆ ಸಾಯುವವರೆಗೂ, ಕುರಿಯೇ ಇಲ್ಲದಿದ್ದರೂ, ಯಾರದೋ ಮನೆಯ ಹಾಲನ್ನು ಕಾಡಿ ತಂದು ಬಟ್ಟೆಯಲ್ಲಿ ಸೋಸಿ ಒಯ್ದು ಇಟ್ಟಳಂತೆ. ಅಷ್ಟೇ ಕಥೆ. ಆಗ ನಾನು ಹರೆಯದವನು, ಬಿದ್ದು ಬಿದ್ದು ನಕ್ಕಿದ್ದೆ. ಸ್ವಾಮಿಗಳು ನಗಲಿಲ್ಲ, "ನಗು, ನಗು. ನಗೂ ವಯಸ್ಸ ನಿಂದು" ಎಂದಿದ್ದರು.

ನೀನು ಕೇಳಿದ್ದು ಸರಿ, ಕಸ್ತೂರಿ. ಎಲ್ಲ ಇದ್ದವನಿಗೆ ನಮ್ಮ ಎಡೆ ಬೇಡ. ಬೇಡ ಎನ್ನುವುದೇ ನನಗೆ ಹೆದರಿಕೆ. ಎಡೆ ಬೇಕಾದ ದೇವರಾದರೆ ಜಗಳವಾದರೂ ಆಡಬಹುದು, ಎರಡು ಹೋಳಿಗೆ ಹೆಚ್ಚಿಗೆ ಇಟ್ಟು ಸಮಾಧಾನ ಮಾಡಬಹುದು. ಏನೂ ಬೇಡದವನ ಹತ್ತಿರ ಯಾವ ಬಾಗಿಲು ಬಡಿಯುವುದು? ಕೊಟ್ಟರೂ ಅಷ್ಟೇ, ಕೊಡದಿದ್ದರೂ ಅಷ್ಟೇ ಎಂದರೆ ಬೀರು ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ ಎಂದಾಯಿತಲ್ಲವ್ವಾ. ಈ ಮಾತಿನ ಮುಂದೆ ನನ್ನ ಕಥೆಗಳೆಲ್ಲ ಹೊಟ್ಟು. ನಿನ್ನೆ ಸಂಜೆ ನಿನ್ನ ತಾಯಿಗೆ ಈ ಕಥೆ ಹೇಳಿದ್ದು ಆಕೆ ಒಂದು ಚಿಟಿಕೆ ಉಪ್ಪು ತಿನ್ನಲಿ ಎಂಬ ಆಸೆಯಿಂದ. ಪಕ್ಕದ ದ್ರಾಕ್ಷಿ ತೋಟದ ಗೈಬುಸಾಬನೂ ಬಂದು ಕಟ್ಟೆಯ ಮೇಲೆ ಕೂತು ಕೇಳಿದ. ಕಥೆ ಮುಗಿದ ಮೇಲೆ ಅವನು ತನ್ನ ಚಾಳಿಯಂತೆ ಒಂದು ಚೇಷ್ಟೆಯ ಮಾತು ಆಡಿದ. ಅದನ್ನು ಕೇಳಿ ನಿನ್ನ ತಾಯಿ ಸೆರಗನ್ನು ಬಾಯಿಗೊತ್ತಿಕೊಂಡು ಒಳಗೆ ಹೋದಳು. ಆ ಮಾತನ್ನು ಇಲ್ಲಿ ಬರೆಯಲು ಕೈ ಬರುತ್ತಿಲ್ಲ.

ಮುಂದಿನ ವಾರ ಮತ್ತೆ ಎಳ್ಳ ಅಮಾವಾಸ್ಯೆ. ಹೊಲಕ್ಕೆ ಹೋಗುತ್ತೇವೋ ಇಲ್ಲವೋ ತಿಳಿಯದು. ಅಳಿಯಂದಿರಿಗೆ ನನ್ನ ಶರಣು ಹೇಳು. ಹೊತ್ತಿಗೆ ಸರಿಯಾಗಿ ಉಣ್ಣು. ಹರಸಲು ದೇವರ ಹೆಸರು ಹಿಡಿಯಬೇಕೋ ಬೇಡವೋ ಎಂದು ಪೆನ್ನು ನಿಲ್ಲಿಸಿ ಕೂತೆ. ಬಿಡು, ನನ್ನ ಹೆಸರಿನಿಂದಲೇ ಹರಸುತ್ತೇನೆ. ನೂರು ಕಾಲ ಬಾಳು.

ಇಂತಿ ನಿನ್ನ ಅಪ್ಪ,
ಧೂಳಪ್ಪ

ತಾ.ಕ.: ಬಸ್ಸು ಬರುವ ಹೊತ್ತಾಯಿತು, ಆದರೂ ಬರೆದೇ ಬಿಡುತ್ತೇನೆ. ಗೈಬುಸಾಬ ಅಂದದ್ದು ಇಷ್ಟು: "ಏನ ಮಾಳವ್ವಾ, ಹ್ವಾದ ವರ್ಸ ಚರಗದ ದಿವಸಾನೂ ಪಲ್ಯೇಕ ಉಪ್ಪ ಹಾಕೂದ ಮರತಿದ್ದಿ. ನಾಲಿಗಿ ಮ್ಯಾಲ ಇಟಗೊಂಡ ನೋಡಿದ್ದಿ ಅಂದ್ರ ಆಗಽ ತಿಳೀಬೇಕಿತ್ತಲ್ಲಬೇ?" ನಿಜ ಕಸ್ತೂರಿ. ಥಟ್ಟನೆ ಎಲ್ಲ ನೆನಪಾಯಿತು. ಆ ದಿನದ್ದು ಎಂದರೆ ಬನ್ನಿಗಿಡದ ಕೊಂಬೆಗೆ ಜೋತುಬಿದ್ದು ಆಡುತ್ತಿದ್ದ ಬೀರುವಿನ ಕಾಲುಗಳು ಮಾತ್ರ ನನ್ನ ಕಣ್ಣಲ್ಲಿ ಉಳಿದಿದ್ದವು. ಎಡೆ ತೋರಿಸಿ, ಚರಗ ಚೆಲ್ಲಿ ಊಟಕ್ಕೆ ಕೂತಾಗ ಬೀರು ಮೊದಲ ತುತ್ತಿಗೇ ಮುಖ ಕಿವುಚಿ ಅಜ್ಜಿಗೆ "ಆಯೀ, ಸಪ್ಪಗ ಐತಿ" ಎಂದ. ಗೈಬುಸಾಬ ತೋಟದಿಂದ ದ್ರಾಕ್ಷಿ ಎಲೆಯಲ್ಲಿ ಉಪ್ಪು ತಂದುಕೊಟ್ಟ. ಹುಡುಗ ಪಲ್ಯ ಬಿಟ್ಟು ಉಪ್ಪಿಗೇ ಬೆರಳದ್ದಿ ನೆಕ್ಕುತ್ತ ಕೂತ. ನೀನು ಡ್ಯೂಟಿ ಮುಗಿಸಿ ಬರುವಷ್ಟರಲ್ಲಿ ಬುತ್ತಿ ಖಾಲಿಯಾಗಿತ್ತು. ನಿನ್ನ ತಾಯಿ ಉಪ್ಪು ನೋಡಿರಲಿಲ್ಲ. ಎಡೆ ಎಂಜಲಾಗಿರಲಿಲ್ಲ. ಹುಡುಗ ಹೋದ ಮೇಲೆ ಹುಡುಕಿ ಹುಡುಕಿ, ಎಲ್ಲೂ ಸಿಗದಾಗ ಆಕೆ ಈ ತಪ್ಪನ್ನು ತನ್ನ ನಾಲಿಗೆಯ ಮೇಲೆ ತಾನೇ ಇಟ್ಟುಕೊಂಡಿದ್ದಾಳೆ. ಈಗ ಅದೂ ಹೋಯಿತು. ಒಳಗೆ ಹೋದವಳು ಗೋಡೆಯ ಕಡೆ ಮುಖ ಮಾಡಿ ಒಂದೇ ಮಾತು ಕೇಳಿದಳು: "ನನ್ನ ತಪ್ಪ ಅಲ್ಲಂದ್ರ, ಮತ್ಯಾಕ ಒಯ್ದಾ?"

ಇವತ್ತು ಬೆಳಿಗ್ಗೆ ಗೈಬುಸಾಬ ಕಟ್ಟೆಯವರೆಗೆ ಬಂದು, ಒಳಗೆ ಇಣುಕಿ ತಿರುಗಿ ಹೋದ. ನಿನ್ನ ತಾಯಿ ಜಗುಲಿಯ ದೇವರಿಗೆ ದೀಪ ಹಚ್ಚಲಿಲ್ಲ. ನೇರ ಒಲೆಯ ಮುಂದೆ ಕೂತು ಪುಂಡಿ ಪಲ್ಯ ಮಾಡಿದಳು. ಉಪ್ಪು ಹಾಕಿದಳು, ನಾಲಿಗೆಗೆ ಇಟ್ಟುಕೊಂಡಳು. ಮತ್ತೆ ಹಾಕಿದಳು, ಮತ್ತೆ ಇಟ್ಟುಕೊಂಡಳು. "ರುಚೀನ ಹತ್ತವಲ್ದು ನನಗ, ನೀ ನೋಡ" ಎಂದು ನನ್ನ ಅಂಗೈಗೆ ಹಾಕಿದಳು. ಬಾಯಲ್ಲಿಡಲಾಗದಷ್ಟು ಉಪ್ಪಾಗಿತ್ತು. ನುಂಗಿದೆ. "ಸರಿ ಐತಿ" ಎಂದೆ. ಆಕೆ ನನ್ನ ಮುಖವನ್ನೇ ನೋಡಿ, "ನೀ ಸುಳ್ಳ ಹೇಳ್ತಿ. ಕಸ್ತೂರಿ ಬಂದ ನೋಡಿ ಹೇಳ್ಲಿ" ಎಂದು ಗಡಿಗೆ ಮುಚ್ಚಿಟ್ಟಳು.