ಗಂಟು ಬಿಚ್ಚಿದ ಗೈಡು

ಅಕ್ಕಾ,

ಬೆಟ್ಟದ ತುದಿಯಲ್ಲಿ ಕೂತು ಬರೆಯುತ್ತಿದ್ದೇನೆ. ಸದ್ಯಕ್ಕೆ ಜೀವಂತ ಇದ್ದೇನೆ. ಕಾಲುದಾರಿ ಬಿಟ್ಟು ಕಾಡಿನೊಳಗಿಂದಲೇ ಹತ್ತಿಸುತ್ತೇನೆ ಎಂದ ಗೈಡು ಬೆಳಗಿನಿಂದ ನನ್ನ ಹಿಂದೆಯೇ ನಡೆದ. ದಾರಿ ತೋರಿಸುವವನು ಹಿಂದೆ ನಡೆಯುವುದನ್ನು ನೀನು ಎಲ್ಲಾದರೂ ಕಂಡಿದ್ದೀಯಾ? ನನಗೆ ಆಗಲೇ ಅನುಮಾನ. ದರ್ಜಿಯ ಜೇಬಿನಲ್ಲಿ ದಾರಕ್ಕೇನು ಬರ? ವಾಪಸು ಬರಲು ಗುರುತಿಗಿರಲಿ ಎಂದು ಐವತ್ತು ಹೆಜ್ಜೆಗೊಂದರಂತೆ ಕೊಂಬೆಗಳಿಗೆ ಬಿಳಿ ದಾರ ಕಟ್ಟುತ್ತಾ ಬಂದೆ. ಇಲ್ಲಿ ತಲುಪಿ ಅವನು ಬೆವರು ಒರೆಸಲು ಕರವಸ್ತ್ರ ತೆಗೆದರೆ, ಜೇಬಿನಿಂದ ನನ್ನ ದಾರಗಳೆಲ್ಲ ಉದುರಿದವು.

"ಇದೇನಯ್ಯಾ?" ಎಂದೆ.

"ಗಂಟು ನೋಡ್ಕೊಂಡು ನಾಳೆ ಹತ್ತು ಜನ ಬರ್ತಾರೆ ಸಾರ್. ಆಮೇಲೆ ಇದೂ ರಸ್ತೆ ಆಗೋಗುತ್ತೆ," ಎಂದ.

ಬೆಣ್ಣೆಯಲ್ಲಿ ಕೂದಲು ತೆಗೆದಂಥ ಮಾತು. ನಾನು ನಂಬಲಿಲ್ಲ.

ನೀನು ಕೊಟ್ಟ ಮುಲಾಮು ಹಚ್ಚಿದ್ದೇನೆ, ಮಂಡಿನೋವು ಪರವಾಗಿಲ್ಲ. ಅವನ ತೋಳಿನ ಗುಂಡಿ ಕಿತ್ತುಬರುವಂತಿತ್ತು, ಹೊಲಿದುಕೊಟ್ಟೆ. ಬಹಳ ಖುಷಿಪಟ್ಟ. ಈಗ ಹೊರಡೋಣ ಎಂದು ಅವಸರಪಡಿಸುತ್ತಿದ್ದಾನೆ. ಇಳಿಯುವಾಗ ಅವನೇ ಮುಂದೆ ಇರಬೇಕೆಂದು ಹೇಳಿದ್ದೇನೆ. ಗುಂಡಿಯ ದಾರವನ್ನು ನಾನಿನ್ನೂ ಕತ್ತರಿಸಿಲ್ಲ. ಉಂಡೆ ನನ್ನ ಕೈಯಲ್ಲೇ ಇದೆ.

ನಿನ್ನ ತಮ್ಮ